ಮಸಿನಗುಡಿ ಮೇಲೆ ಊಟಿಗೆ ಹೋಗುವವರು ಇದನ್ನೊಮ್ಮೆ ಓದಿ

ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ರಸ್ತೆ ಎರಡಾಗುತ್ತದೆ. ಒಂದು ಗೂಡಲೂರಿನ ಮೇಲೆ ಊಟಿಗೆ, ಸುಮಾರು 67 ಕಿ.ಮೀ. ಎಡಕ್ಕೆ ತಿರುಗಿದರೆ ಮಸಿನಗುಡಿ, ಆಮೇಲೆ ಕಲ್ಹಟ್ಟಿ ಘಾಟಿ, ಬರೀ 36 ಕಿ.ಮೀ. ಹತ್ತಿರ ಅಂತ ಮಾತ್ರ ಈ ದಾರಿ ಹಿಡಿಯಬೇಡಿ. ಅವಸರ ಇದ್ದರೆ ಗೂಡಲೂರೇ ವಾಸಿ.

ಹೊರಡುವ ಮೊದಲೇ ನೀಲಗಿರಿ ಜಿಲ್ಲೆಯ ಇ-ಪಾಸ್ ಮಾಡಿಸಿಕೊಳ್ಳಿ. 2024ರ ಮೇ ತಿಂಗಳಿಂದ ಹೊರಗಿನ ಗಾಡಿಗಳಿಗೆಲ್ಲ ಇದು ಬೇಕು. ನಮ್ಮ ಮುಂದಿದ್ದ ಕಾರಿನವರು ಚೆಕ್‌ಪೋಸ್ಟಿನಲ್ಲಿ ಇಳಿದು, ಫೋನ್ ಮೇಲೆತ್ತಿಕೊಂಡು ಸಿಗ್ನಲ್ ಹುಡುಕುತ್ತಿದ್ದರು, ಪಾಪ. ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವ ಹಾಗಿಲ್ಲ, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಪೆಟ್ರೋಲ್ ಗುಂಡ್ಲುಪೇಟೆಯಲ್ಲೇ ಹಾಕಿಸಿಬಿಡಿ.

ಮಸಿನಗುಡಿ ಚಿಕ್ಕ ಊರು. ಒಂದು ಮುಖ್ಯ ಬೀದಿ, ಸಾಲಾಗಿ ನಿಂತ ಜೀಪುಗಳು, ಒಂದಷ್ಟು ಅಂಗಡಿ, ಅಷ್ಟೆ. ಕನ್ನಡದಲ್ಲಿ ಕೇಳಿದರೂ ದಾರಿ ಹೇಳುತ್ತಾರೆ. ಇಲ್ಲಿ ಅರ್ಧ ಗಂಟೆ ನಿಲ್ಲಿ, ಟೀ ಕುಡಿಯಿರಿ, ಇಂಜಿನ್ ತಣ್ಣಗಾಗಲಿ. ಆದರೆ ಊರಿನ ಆಚೆ ಈಚೆ ಕಾಡಿನಲ್ಲಿ ಮಾತ್ರ ಗಾಡಿ ನಿಲ್ಲಿಸಲೇಬೇಡಿ. ಇದು ಆನೆಗಳು ಓಡಾಡುವ ದಾರಿ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಆನೆ ಕಾರಿಡಾರನ್ನು ಎತ್ತಿಹಿಡಿಯಿತು. ಜಿಂಕೆಗೆ ಬಿಸ್ಕತ್ತು ಎಸೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಮಕ್ಕಳಿಗೂ ಹೇಳಿಕೊಡಿ.

ಇನ್ನು ಘಾಟಿ. ಒಟ್ಟು 36 ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರಿನ ಬೋರ್ಡು ಇದೆ. ಏರು ಎಷ್ಟು ಕಡಿದು ಅಂದರೆ ನಾವು ಐದು ಜನ ತುಂಬಿಕೊಂಡು ಸೆಕೆಂಡ್ ಗೇರಿನಲ್ಲೇ ಹತ್ತಿಸೋಣ ಅಂತ ಹೋಗಿ, ಒಂದು ತಿರುವಿನ ಮಧ್ಯದಲ್ಲೇ ಗಾಡಿ ಆಫ್ ಆಯಿತು. ಹ್ಯಾಂಡ್‌ಬ್ರೇಕ್ ಎಳೆದು, ಹಾಫ್ ಕ್ಲಚ್‌ನಲ್ಲಿ ಎತ್ತುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಆಮೇಲೆ ಎಸಿ ಆಫ್ ಮಾಡಿ, ತಿರುವು ಬರುವ ಮೊದಲೇ ಫಸ್ಟ್‌ಗೆ ಹಾಕಿಕೊಂಡು ಹತ್ತಿದೆವು, ಮತ್ತೆ ಎಲ್ಲೂ ತೊಂದರೆ ಆಗಲಿಲ್ಲ. ಪ್ರತಿ ತಿರುವಿಗೂ ಹಾರ್ನ್ ಹೊಡೆಯಿರಿ, ಮೇಲಿಂದ ಊರಿನವರ ಗಾಡಿ, ಬಸ್ಸು ಬರುತ್ತಿರುತ್ತವೆ. ಏರುವ ಗಾಡಿಗೇ ಮೊದಲ ಹಕ್ಕು ನಿಜ, ಆದರೂ ಬಸ್ಸು ಎದುರಾದರೆ ನೀವೇ ಅಗಲ ಇರುವ ಕಡೆ ತಾಳಿ ನಿಲ್ಲಿ, ಹೋಗುವುದೇನಿದೆ? ಹೊಸದಾಗಿ ಓಡಿಸಲು ಕಲಿತವರ ಕೈಗೆ ಸ್ಟೇರಿಂಗ್ ಕೊಡಬೇಡಿ.

ಮೇಲೆ ಹೋಗುತ್ತಾ ಕಿಟಕಿ ಇಳಿಸಿ ನೋಡಿ. ಕೆಳಗಿನ ಒಣ ಕುರುಚಲು ಕಾಡು ಮುಗಿದು ನೀಲಗಿರಿ ಮರದ ವಾಸನೆ ಶುರುವಾಗುತ್ತದೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ ಹೊಲಗಳು. ಒಂದು ಗಂಟೆಯೊಳಗೆ ಬೆವರು ಹೋಗಿ ಸ್ವೆಟರ್ ಬೇಕಾಗುತ್ತದೆ!

ವಾಪಸ್ ಬರಲು ಈ ದಾರಿ ಇಲ್ಲ. 2018ರ ಒಂದು ಅಪಘಾತದ ನಂತರ ಹೊರಗಿನ ಗಾಡಿಗಳನ್ನು ಕಲ್ಹಟ್ಟಿಯಲ್ಲಿ ಇಳಿಯಲು ಬಿಡುವುದಿಲ್ಲ. ಸುಮ್ನೆ ವಾದ ಮಾಡಬೇಡಿ, ಆ ಇಳಿಜಾರಿನಲ್ಲಿ ಬ್ರೇಕ್ ಕಾದು ಕೈಕೊಡುವುದು ಹೆಚ್ಚು. ಗೂಡಲೂರಿನ ಮೇಲೇ ಬನ್ನಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ಬೆಳಗ್ಗೆ 6ಕ್ಕೇ ತೆಗೆಯುವುದು. ನಾವು ಊಟಿಯಿಂದ ಸಂಜೆ 4ಕ್ಕೆ ಹೊರಟು, ಏಳೂವರೆ ಹೊತ್ತಿಗೆ ಗುಂಡ್ಲುಪೇಟೆ ಸೇರಿದೆವು.