ಬಿಳಿ ಟೋಪಿ, ಕಪ್ಪು ಕೇಪ್, ಲಾರೆಲ್ ಮಾಲೆ: ಕ್ಯಾಮೆರಾ ಹಿಡಿದು ನಾಲ್ಕು ಯೂನಿವರ್ಸಿಟಿ ಊರುಗಳಲ್ಲಿ

ವಿದ್ಯಾರ್ಥಿ ಜೀವನದ ಫೋಟೋ ತೆಗೆಯಬೇಕು ಅಂತ ನಾನು ಮೊದಲ ಸಲ ಯೂರೋಪಿಗೆ ಹೋಗಿದ್ದು ಆಗಸ್ಟಿನಲ್ಲಿ. ಶುದ್ಧ ಪೆದ್ದು ಕೆಲಸ. ಎಲ್ಲ ಕಡೆ ರಜೆ. ಹಳೇ ಕಟ್ಟಡ, ಖಾಲಿ ಅಂಗಳ, ಬೀಗ ಹಾಕಿದ ಬಾಗಿಲು, ಇವುಗಳ ಫೋಟೋ ರಾಶಿ ರಾಶಿ ಬಂದವು. ಹುಡುಗ ಹುಡುಗಿಯರು ಮಾತ್ರ ಇಲ್ಲ. ಅದಕ್ಕೇ ಹೇಳ್ತೀನಿ, ಟಿಕೆಟ್ ನೋಡುವ ಮುಂಚೆ ಆ ಯೂನಿವರ್ಸಿಟಿಯ ಕ್ಯಾಲೆಂಡರ್ ನೋಡಿ. ಊರು ಆಮೇಲೆ.

ಎರಡನೇ ಸಲ ಹಾಗೇ ಮಾಡಿದೆ. ಏಪ್ರಿಲ್ 30ಕ್ಕೆ ಸ್ವೀಡನ್ನಿನ ಉಪ್ಸಾಲಾ, ಮೇ ತಿಂಗಳಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾ, ಅಲ್ಲಿಂದ ಜರ್ಮನಿಯ ಗೊಟ್ಟಿಂಗೆನ್. ಇಟಲಿಯ ಪಾದುವಾಕ್ಕೆ ಜುಲೈನಲ್ಲಿ ಬೇರೆಯಾಗಿ ಹೋದೆ. ಆಕ್ಸ್‌ಫರ್ಡ್ ಕೂಡ ಆಸೆ ಇತ್ತು. ಮೇ 1ರ ಬೆಳಿಗ್ಗೆ ಆರಕ್ಕೆ ಮಾಡ್ಲಿನ್ ಕಾಲೇಜಿನ ಗೋಪುರದ ಮೇಲೆ ಹಾಡ್ತಾರೆ, ಕೆಳಗೆ ಬೀದಿ ತುಂಬ ಜನ. ಆದರೆ ಉಪ್ಸಾಲಾ ಹಬ್ಬ ಮುಗಿಯೋದೇ ಹಿಂದಿನ ರಾತ್ರಿ, ಮೇಲಾಗಿ ಬ್ರಿಟನ್ನಿಗೆ ಬೇರೆ ವೀಸಾ. ಬಿಟ್ಟೆ.

ಉಳಿದ ನಾಲ್ಕೂ ಊರಿಗೆ ಒಂದೇ ಷೆಂಗೆನ್ ವೀಸಾ ಸಾಕು. ಎಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಆರು ತಿಂಗಳ ಮುಂಚೆಯಿಂದಲೇ ಹಾಕಬಹುದು. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಅನ್ನೋದು ಲೆಕ್ಕ. ನನ್ನ ಹಾಗೆ ಎರಡು ಸಲ ಹೋಗೋರು ಎರಡೂ ಸಲದ ದಿನ ಕೂಡಿಸಿ ನೋಡಿ, ಬಹುಪ್ರವೇಶದ ವೀಸಾ ಕೇಳಿ.

ಉಪ್ಸಾಲಾ ಯೂನಿವರ್ಸಿಟಿ 1477ರದ್ದು. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯೋದಿಲ್ಲ. ಏಪ್ರಿಲ್ 30ರಂದು ಅಲ್ಲಿ ವಾಲ್‌ಬೊರಿ, ಚಳಿಗಾಲಕ್ಕೆ ಬೀಳ್ಕೊಡುವ ಹಬ್ಬ. ಬೆಳಿಗ್ಗೆ ಫೀರಿಸ್ ನದಿಯಲ್ಲಿ ವಿದ್ಯಾರ್ಥಿಗಳು ತಾವೇ ಕಟ್ಟಿದ ತೆಪ್ಪಗಳಲ್ಲಿ ಬರ್ತಾರೆ. ನೀರು ಧುಮುಕುವ ಜಾಗದಲ್ಲಿ ತೆಪ್ಪ ಮುರಿಯೋದು, ಜನ ಹೋ ಅನ್ನೋದು. ಎಲ್ಲರೂ ಅಲ್ಲೇ ನಿಂತಿರ್ತಾರೆ, ಎಲ್ಲರ ಫೋಟೋನೂ ಒಂದೇ ಥರ ಇರುತ್ತೆ. ನಾನು ಸ್ವಲ್ಪ ಕೆಳಗೆ ದಡದಲ್ಲಿ ನಿಂತೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಒಬ್ಬಳು ಹುಡುಗಿ ಮೇಲೆ ಬಂದಳು. ಕೈಯಲ್ಲಿ ತೆಪ್ಪದ ಮುರಿದ ಥರ್ಮಾಕೋಲ್ ಚೂರು. ಅದನ್ನು ಎದೆಗೆ ಅವಚಿಕೊಂಡೇ ನಗ್ತಿದ್ದಳು. ಆ ದಿನದ ಒಳ್ಳೇ ಫೋಟೋ ಅದೇ.

ಮಧ್ಯಾಹ್ನ ಮೂರಕ್ಕೆ ಕರೋಲಿನಾ ರೆಡಿವಿವಾ ಲೈಬ್ರರಿ ಮುಂದೆ ಜಾಗ ಹಿಡಿಯಿರಿ. ಮೇಲಿನ ಬಾಲ್ಕನಿಯಿಂದ ಕುಲಪತಿ ಬಿಳಿ ಟೋಪಿ ಬೀಸುತ್ತಿದ್ದ ಹಾಗೆ ಕೆಳಗಿದ್ದವರೆಲ್ಲ ತಮ್ಮ ಬಿಳಿ ಟೋಪಿ ಎತ್ತಿ ಬೀಸಿ ತಲೆಗೆ ಹಾಕ್ತಾರೆ. ನಿಮಿಷದೊಳಗೆ ಮುಗಿದುಹೋಗುತ್ತೆ, ಆಗ ಲೆನ್ಸ್ ಬದಲಿಸ್ತಾ ಕೂತರೆ ಕೆಟ್ಟಿರಿ. ಇನ್ನೊಂದು ವಿಷಯ, ಫ್ರೇಮ್ ತುಂಬ ಬಿಳಿ ಟೋಪಿ ಇದ್ದರೆ ಕ್ಯಾಮೆರಾ ಮೋಸ ಹೋಗುತ್ತೆ. ಬೆಳಕು ಜಾಸ್ತಿ ಇದೆ ಅಂದುಕೊಂಡು ಎಲ್ಲವನ್ನೂ ಬೂದಿ ಬಣ್ಣಕ್ಕೆ ತರುತ್ತೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ತಗೊಳ್ಳುವ ಬೆಳಕು, ಮುಕ್ಕಾಲು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಈ ಟೋಪಿ ಅಲ್ಲಿನವರಿಗೆ ಪ್ರೌಢ ಶಿಕ್ಷಣ ಮುಗಿಸಿದಾಗ ಸಿಗೋದು, ಜೀವನಪೂರ್ತಿ ಇಟ್ಟುಕೊಳ್ತಾರೆ. ಹಳದಿ ತಿರುಗಿದ ಟೋಪಿ ಹಾಕಿಕೊಂಡ ಎಂಬತ್ತರ ಮುದುಕರನ್ನು ಹುಡುಕಿ. ಅವರೂ ಅವತ್ತು ವಿದ್ಯಾರ್ಥಿಗಳೇ. ಚಳಿಗೆ ಬೆಚ್ಚಗಿನ ಕೋಟು ಬೇಕೇ ಬೇಕು, ಸುಮ್ನೆ ವಸಂತ ಅಂತ ನಂಬಬೇಡಿ.

ಕೊಯಿಂಬ್ರಾಕ್ಕೆ ಎಷ್ಟು ದಿನ ಇಟ್ಟರೂ ಕಮ್ಮಿ. ಲಿಸ್ಬನ್-ಪೋರ್ಟೊ ರೈಲುಗಳು ನಿಲ್ಲುವ ಕೊಯಿಂಬ್ರಾ-ಬಿ ಸ್ಟೇಷನ್ ಊರಿನ ಹೊರಗಿದೆ, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡೀಬೇಕು. ಯೂನಿವರ್ಸಿಟಿ 1290ರಲ್ಲಿ ಶುರುವಾಗಿದ್ದು ಲಿಸ್ಬನ್ನಿನಲ್ಲಿ, ಈ ಊರಲ್ಲಿ ಕಾಯಂ ಆಗಿ ನೆಲೆಯೂರಿದ್ದು 1537ರಲ್ಲಿ. ಅದು ಇರೋದು ಗುಡ್ಡದ ತಲೆಯ ಮೇಲೆ. ಹತ್ತೋಕೆ 125 ಮೆಟ್ಟಿಲಿನ ದೊಡ್ಡ ಸಾಲು ಒಂದು, 'ಬೆನ್ನು ಮುರಿಯೋ' ಅನ್ನೋ ಅರ್ಥದ ಹೆಸರಿನ ಮೆಟ್ಟಿಲು ಇನ್ನೊಂದು. ಹೆಸರು ಸುಮ್ನೆ ಬಂದಿಲ್ಲ. ಮೂರು ಲೆನ್ಸ್ ಹೊತ್ತುಕೊಂಡು ಹೋಗಿದ್ದೆ. ಎರಡನೇ ದಿನದಿಂದ 35 ಎಂಎಂ ಒಂದೇ.

ಮೇ ತಿಂಗಳಲ್ಲಿ ಇಲ್ಲಿ ಕೇಯ್ಮಾ ದಸ್ ಫೀತಾಸ್, ಅಂದರೆ ರಿಬ್ಬನ್ ಸುಡುವ ಹಬ್ಬ. ದಿನಾಂಕ ವರ್ಷ ವರ್ಷ ಬದಲಾಗುತ್ತೆ, ರೂಮುಗಳು ಎಷ್ಟೋ ಮುಂಚೆ ತುಂಬಿಹೋಗುತ್ತವೆ. ರಾತ್ರಿ ಹನ್ನೆರಡಕ್ಕೆ ಹಳೇ ಕೆಥೆಡ್ರಲ್ ಮೆಟ್ಟಿಲ ಮೇಲೆ ಗಿಟಾರ್ ಹಿಡಿದವರು ಬಂದು ನಿಲ್ತಾರೆ. ಚೌಕದಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲರ ಹೆಗಲ ಮೇಲೂ ಕಪ್ಪು ಕೇಪ್, ಇಲ್ಲಿನ ವಿದ್ಯಾರ್ಥಿಗಳ ಉದ್ದನೆ ಹೊದಿಕೆ. ಹಾಡು ಶುರುವಾದರೆ ಉಸಿರೂ ಕೇಳೋದಿಲ್ಲ. ಚಪ್ಪಾಳೆ ತಟ್ಟೋ ಹಾಗಿಲ್ಲ. ಅಷ್ಟು ಮೌನದಲ್ಲಿ ನನ್ನ ಕ್ಯಾಮೆರಾ 'ಟಕ್' ಅಂತು, ಪಕ್ಕದ ಹುಡುಗ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಸೈಲೆಂಟ್ ಶಟರ್ ಹಾಕಿಕೊಂಡೇ ಹೋಗಿ. ಫೋಕಸ್ ಮಾಡುವಾಗ ಮುಂದೆ ಹೊತ್ತಿಕೊಳ್ಳುವ ಕಿತ್ತಳೆ ದೀಪ ಇರುತ್ತಲ್ಲ, ಅದನ್ನೂ ಆರಿಸಿ. ಫ್ಲ್ಯಾಶ್ ಮಾತೇ ಬೇಡ. ಐಎಸ್‌ಒ 6400, ಎಫ್ 1.8, ಶಟರ್ ಸೆಕೆಂಡಿನ 60ನೇ ಒಂದು ಭಾಗ, ನನಗೆ ಇದು ಸಾಕಾಯಿತು. ಇಲ್ಲಿ ಉಪ್ಸಾಲಾದ ಉಲ್ಟಾ ಲೆಕ್ಕ: ಸುತ್ತ ಕಪ್ಪು ಇದ್ದರೆ ಕ್ಯಾಮೆರಾ ಬೆಳಕು ಏರಿಸಿ ಮುಖ ಬೆಳ್ಳಗೆ ಸುಟ್ಟುಹಾಕುತ್ತೆ. ಆಟೋ ಮೋಡಿನಲ್ಲಿ ತೆಗೆಯುವವರು ಒಂದು ಸ್ಟಾಪ್ ಇಳಿಸಿ.

ಮೆರವಣಿಗೆ ದಿನ ಕಾಗದದ ಹೂವಿನ ಬಂಡಿಗಳು ಗುಡ್ಡದಿಂದ ಇಳೀತವೆ. ಮೆಡಿಸಿನ್‌ನವರದ್ದು ಹಳದಿ, ಕಾನೂನಿನವರದ್ದು ಕೆಂಪು. ಬಂಡಿ ಮೇಲಿಂದ ಬಿಯರ್ ಸುರಿಯುತ್ತೆ, ಮಳೆ ಅಂತಲೇ ತಿಳ್ಕೊಳ್ಳಿ. ನನ್ನ ಕ್ಯಾಮೆರಾದ ಬಟನ್ನುಗಳು ಆಮೇಲೆ ಎರಡು ವಾರ ಅಂಟಂಟು. ಒಂದು ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡು ಇದ್ದಿದ್ದರೆ ಸಾಕಿತ್ತು.

ಬಂಡಿಗಳಿಗಿಂತ ನನಗೆ ಹಿಡಿಸಿದ್ದು ಕೇಪಿನ ಅಂಚು. ಒಬ್ಬಳು ಕೊನೇ ವರ್ಷದವಳು ತನ್ನ ಕೇಪನ್ನು ಮಡಿಲಲ್ಲಿ ಹರಡಿ ತೋರಿಸಿದಳು. ಕೆಳಗಿನ ಅಂಚೆಲ್ಲ ಹರಿದ ಸೀಳುಗಳು. ಒಂದೊಂದೂ ಬೇಕಂತಲೇ ಹರಿದದ್ದು. ಮನೆಯವರು ಹರಿಯೋ ಜಾಗ ಬೇರೆ, ಗೆಳೆಯರದ್ದು ಬೇರೆ. ಒಂದು ಸೀಳಿಗೆ ಮಾತ್ರ ಕೆಂಪು ದಾರದಲ್ಲಿ ಹೊಲಿಗೆ ಹಾಕಿತ್ತು. ಯಾರದ್ದು ಅಂದೆ. ತಲೆ ಅಲ್ಲಾಡಿಸಿ ಮಡಚಿಟ್ಟಳು. ಕೇಪ್ ಒಗೆಯಬಾರದು ಅನ್ನೋ ನಂಬಿಕೆ ಬೇರೆ ಇದೆ, ಹತ್ತಿರ ಹೋದರೆ ಗೊತ್ತಾಗುತ್ತೆ. ಈ ಥರ ಫೋಟೋ ಮೆರವಣಿಗೆ ನಡುವೆ ಸಿಗೋದಿಲ್ಲ. ಮೆರವಣಿಗೆಗೆ ಎರಡು ಗಂಟೆ ಮುಂಚೆ, ಅವರು ಮೆಟ್ಟಿಲ ಮೇಲೆ ಕೂತು ಕಾಯ್ತಿರುವಾಗ ಹೋಗಿ. ಮೊದಲು ಕೂತು ಮಾತಾಡಿ, ಕ್ಯಾಮೆರಾ ಆಮೇಲೆ ತೆಗೀರಿ.

ಇಲ್ಲಿನ ಯೂನಿವರ್ಸಿಟಿಯ ಹಳೇ ಜೊವಾನಿನಾ ಲೈಬ್ರರಿಗೆ ಸಮಯ ನಮೂದಿಸಿದ ಟಿಕೆಟ್ ಇರುತ್ತೆ. ಮೇಲಿನ ಮಹಡಿಯ ಪುಸ್ತಕದ ಕೋಣೆಗಳಲ್ಲಿ ಫೋಟೋ ತೆಗೆಯುವ ಹಾಗಿಲ್ಲ. ಪುಸ್ತಕದ ಹುಳು ತಿನ್ನೋಕೆ ಬಾವಲಿಗಳಿವೆ ಅಲ್ಲಿ. ನೋಡಿ ಬನ್ನಿ, ಅಷ್ಟೆ.

ಗೊಟ್ಟಿಂಗೆನ್ನಿನಲ್ಲಿ ಹಬ್ಬದ ದಿನ ಅಂತ ಇಲ್ಲ, ತಾಳ್ಮೆ ಬೇಕು. ಹಳೇ ಟೌನ್ ಹಾಲ್ ಮುಂದಿನ ಕಾರಂಜಿಯಲ್ಲಿ ಗೆನ್ಸೆಲೀಜೆಲ್ ಅನ್ನೋ ಹೆಬ್ಬಾತು ಕಾಯುವ ಹುಡುಗಿಯ ಕಂಚಿನ ಮೂರ್ತಿ ಇದೆ, 1901ರದ್ದು. ಈಗ ಅಲ್ಲಿರೋದು ಪ್ರತಿರೂಪ, ಮೂಲ ಮ್ಯೂಸಿಯಮ್ಮಿನಲ್ಲಿದೆ. ಪಿಎಚ್‌ಡಿ ಮುಗಿಸಿದವರು ಕಾರಂಜಿ ಹತ್ತಿ ಅವಳಿಗೆ ಹೂ ಕೊಟ್ಟು ಮುತ್ತಿಡಬೇಕು. 1926ರಲ್ಲಿ ಪೊಲೀಸರು ಮುತ್ತಿಡೋದಕ್ಕೆ ನಿಷೇಧ ಹಾಕಿದರು, ಒಬ್ಬ ಕಾನೂನು ವಿದ್ಯಾರ್ಥಿ ಕೋರ್ಟಿಗೆ ಹೋಗಿ ಸೋತ. ಮುತ್ತು ಮಾತ್ರ ನಿಲ್ಲಲಿಲ್ಲ. ನಾನು ಕೆಲಸದ ದಿನಗಳಲ್ಲಿ ಮೂರು ಮಧ್ಯಾಹ್ನ ಕಾದೆ. ಮೂರನೇ ದಿನ ಅಲಂಕಾರ ಮಾಡಿದ ಕೈಗಾಡಿಯಲ್ಲಿ ಒಬ್ಬನನ್ನು ಎಳೆದು ತಂದರು. ತಲೆ ಮೇಲೆ ರಟ್ಟಿನ ಟೋಪಿ, ಲ್ಯಾಬಿನ ಗೆಳೆಯರು ಮಾಡಿದ್ದು. ಟೆಸ್ಟ್ ಟ್ಯೂಬು, ಕಾಫಿ ಕಪ್ಪು, ಪುಟಾಣಿ ಹಾಸಿಗೆ ಎಲ್ಲ ಅಂಟಿಸಿದ್ದರು. ಹಾಸಿಗೆ ಯಾಕೆ ಅಂದರೆ ಲ್ಯಾಬಲ್ಲೇ ಮಲಗ್ತಿದ್ದನಂತೆ. ಮುತ್ತಿನ ಫೋಟೋಗೆ ಎಲ್ಲರೂ ನುಗ್ಗಲಿ, ನೀವು ಟೋಪಿ ನೋಡಿ.

ಜರ್ಮನಿಯಲ್ಲಿ 1907ರ ಕಾನೂನೊಂದು ಇವತ್ತಿಗೂ ಇದೆ. ಒಬ್ಬರ ಫೋಟೋ ಪ್ರಕಟಿಸಬೇಕಾದರೆ ಅವರ ಒಪ್ಪಿಗೆ ಬೇಕು. ಮೆರವಣಿಗೆ, ಸಭೆಗಳಂಥ ಗುಂಪಿನ ಚಿತ್ರಕ್ಕೆ ವಿನಾಯಿತಿ ಉಂಟು. ನಾನು ಎಲ್ಲ ದೇಶದಲ್ಲೂ ಕೇಳಿಯೇ ಹಾಕಿದೆ. ಸಣ್ಣ ಚೀಟಿಗಳಲ್ಲಿ ಇಮೇಲ್ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ, ಫೋಟೋ ಬೇಕಿದ್ದವರು ಬರೆಯಲಿ ಅಂತ. ಬಹಳ ಜನ ಬರೆದರು.

ಪಾದುವಾದಲ್ಲಿ ಕೇಳೋದು ಒಂದು ಕ್ಷಣ ಮರೆತೆ. 1222ರ ಯೂನಿವರ್ಸಿಟಿ, ಗೆಲಿಲಿಯೊ 18 ವರ್ಷ ಪಾಠ ಹೇಳಿದ ಊರು. ಪದವಿ ಸಿಕ್ಕವರು ಲಾರೆಲ್ ಅನ್ನೋ ಗಿಡದ ಎಲೆಗಳ ಮಾಲೆ ತಲೆಗಿಟ್ಟು ಯೂನಿವರ್ಸಿಟಿಯ ಪಲಾಝೊ ಬೊ ಕಟ್ಟಡದ ಸುತ್ತಮುತ್ತ ಓಡಾಡ್ತಿರ್ತಾರೆ. ಗೆಳೆಯರು ಅವರಿಗೆ ವಿಚಿತ್ರ ವೇಷ ಹಾಕಿಸಿ, ಗೋಡೆಗೆ ಪಪೀರೊ ಅನ್ನೋ ದೊಡ್ಡ ಪೋಸ್ಟರ್ ಅಂಟಿಸಿ ಓದಿಸ್ತಾರೆ. ಅದರಲ್ಲಿ ಅವರದೇ ವ್ಯಂಗ್ಯಚಿತ್ರ, ಪ್ರಾಸ ಹಾಕಿ ಬರೆದ ಅವರದೇ ಮಾನಗೇಡಿ ಕತೆಗಳು. ಓದುವಾಗ ತಪ್ಪಿದರೆ ಕುಡಿಯಬೇಕು. ನಡುನಡುವೆ 'ದೊತ್ತೋರೆ, ದೊತ್ತೋರೆ' (ಪದವೀಧರ, ಪದವೀಧರ) ಅಂತ ಹಾಡ್ತಾರೆ. ಉಳಿದ ಸಾಲಿನ ಅರ್ಥ ಇಲ್ಲಿ ಬರೆಯುವ ಹಾಗಿಲ್ಲ.

ಅವತ್ತು ಒಬ್ಬ ಹುಡುಗನಿಗೆ ಗುಲಾಬಿ ಬಣ್ಣದ ಡಾನ್ಸ್ ಫ್ರಾಕ್ ಹಾಕಿಸಿದ್ದರು. ಹತ್ತಿಪ್ಪತ್ತು ಫೋಟೋ ಪಟಪಟ ತೆಗೆದೆ. ಓದು ಮುಗಿಸಿ ಅವನು ನೇರ ನನ್ನ ಹತ್ತಿರ ಬಂದ. ಮುಂದಿನ ವಾರ ಕೆಲಸದ ಇಂಟರ್‌ವ್ಯೂ ಇದೆ, ದಯವಿಟ್ಟು ಅಳಿಸು ಅಂದ. ಅವನ ಎದುರೇ ಒಂದೊಂದಾಗಿ ಅಳಿಸಿದೆ. ನನಗೂ ನಾಚಿಕೆಯಾಯಿತು. ಹೋಗುವಾಗ ಅವನೇ ತಿರುಗಿ, ಅಜ್ಜಿ ಜೊತೆ ಒಂದು ತೆಗೆದುಕೊಡ್ತೀಯಾ ಅಂದ. ಅಜ್ಜಿ ಅವನ ಫ್ರಾಕಿನ ಮೇಲೆ ತನ್ನ ಶಾಲು ಹೊದಿಸಿದರು. ಬಗ್ಗು ಅಂತ ಕೈಸನ್ನೆ ಮಾಡಿ, ಜಾರಿದ್ದ ಲಾರೆಲ್ ಮಾಲೆ ಸರಿ ಮಾಡಿದರು. ಒಂದು ಎಲೆ ಕಿತ್ತು ಮೂಸಿ ತಮ್ಮ ಪರ್ಸಿಗೆ ಹಾಕಿಕೊಂಡರು.

ಆ ಫೋಟೋ ಕೂಡ ಇಲ್ಲಿ ಹಾಕಿಲ್ಲ. ಅಜ್ಜಿ ಹಾಕು ಅಂದರು, ಮೊಮ್ಮಗ ಬೇಡ ಅಂದ.