ಮನೆಯ ಫೋಟೋ ಊರಿಗೆಲ್ಲ ಯಾಕೆ ತೋರಿಸ್ತೀರಿ?

ಕಾರವಾರದ ಪೇಟೆಯಲ್ಲಿ ಸಿಕ್ಕವರು ‘ಊಟ ಆಯ್ತಾ’ ಅಂತ ಕೇಳಿದ ಮೇಲೆ ನನ್ನನ್ನು ಕೇಳುವ ಎರಡನೇ ಪ್ರಶ್ನೆ ಇದು. ಕಾರಣ ಇಷ್ಟೇ. ನೌಕರಿಯಿಂದ ನಿವೃತ್ತನಾದ ಮೇಲೆ ನನಗೊಂದು ಚಟ ಹತ್ತಿದೆ. ಪ್ರತಿ ರವಿವಾರ ಸಂತೆಗೆ ಹೋಗಿ, ಬಸಳೆ ಕಟ್ಟು ತಂದು ಹೆಂಡತಿ ಕೈಗೆ ಕೊಟ್ಟು, ಚಹಾ ಕುಡಿದು, ಮನೆಯ ತಗಡಿನ ಟ್ರಂಕಿನಿಂದ ಒಂದು ಹಳೆಯ ಫೋಟೋ ತೆಗೆಯುತ್ತೇನೆ. ಅದನ್ನು ಗುರುತು ಪರಿಚಯದವರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಜೊತೆಗೆ ನನಗೆ ಗೊತ್ತಿದ್ದ ನಾಲ್ಕು ಸಾಲು.

ಕೇಳುವವರ ಧಾಟಿ ಬೇರೆ ಬೇರೆ. ‘ನಿಮ್ಮ ಆಯಿಯ ಫೋಟೋ ನಮಗೆ ಎಂತಕ್ಕೆ ಮಾರಾಯ್ರೇ’ ಅಂತ ಒಬ್ಬರು (ಆಯಿ ಅಂದರೆ ನಮ್ಮ ಕಡೆ ಅಮ್ಮ). ‘ಪ್ರೈವೆಸಿ ಅಂತ ಒಂದು ಇರ್ತದಲ್ವಾ ಅಪ್ಪ’ ಅಂತ ನನ್ನ ಮಗಳು. ಸಿರಸಿಯ ಒಬ್ಬ ಭಾವ ಅಂತೂ, ‘ನಿಂಗೆ ಹೊತ್ತು ಹೋಗ್ತಿಲ್ಲೆ, ತಿಳೀತು ಬಿಡು’ ಅಂದುಬಿಟ್ಟ. ಭಾವನ ಮಾತು ಅರ್ಧ ನಿಜ.

ಉಳಿದರ್ಧ ಇದು. ಆ ಫೋಟೋಗಳು ನನ್ನ ಟ್ರಂಕಿನಲ್ಲಿವೆ ಅಷ್ಟೇ. ಅವುಗಳ ಕಥೆ ನನ್ನ ಹತ್ತಿರ ಇಲ್ಲ. ಅದು ಬೇರೆ ಯಾರದೋ ತಲೆಯಲ್ಲಿದೆ. ಯಾರ ತಲೆಯಲ್ಲಿ ಅನ್ನೋದು ಗೊತ್ತಿಲ್ಲದ ಕಾರಣ ಎಲ್ಲರಿಗೂ ಕಳಿಸುತ್ತೇನೆ. ನಾನು ತೋರಿಸುತ್ತಿದ್ದೇನೆ ಅಂತ ನೀವು ತಿಳಿದಿದ್ದೀರಿ, ನಾನು ಕೇಳುತ್ತಿದ್ದೇನೆ.

ಒಂದು ಫೋಟೋದ ಕಥೆ ಹೇಳಿದರೆ ಗೊತ್ತಾಗುತ್ತದೆ.

ಸಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಿರುವಷ್ಟು ದಿನ ಊರಿಗೆ ಊರೇ ಅಂಗಡಿ. ನಮ್ಮ ಆಯಿಯ ತವರು ಸಿರಸಿ ಹತ್ತಿರದ ಹಳ್ಳಿ. ಆ ಮನೆಯಲ್ಲಿ ವರ್ಷದ ಲೆಕ್ಕ ಇಲ್ಲ, ಜಾತ್ರೆಯ ಲೆಕ್ಕ. ಈ ಫೋಟೋ ತೆಗೆದದ್ದು ‘ಆಯಿಯ ಮದುವೆಗೆ ಒಂದು ಜಾತ್ರೆ ಮೊದಲು’. ಜಾತ್ರೆಯಲ್ಲಿ ಹಾಕಿದ ಫೋಟೋ ಡೇರೆಯೊಳಗೆ ಮೂವರು ಹುಡುಗಿಯರು ನಿಂತಿದ್ದಾರೆ. ಹಿಂದೆ ಬಟ್ಟೆಯ ಮೇಲೆ ಬರೆದ ಕೆರೆ, ಕೆರೆಯಲ್ಲಿ ಎರಡು ಹಂಸ, ಆಚೆ ಒಂದು ಅರಮನೆ. ಅರಮನೆಯ ಮೆಟ್ಟಿಲು ನೇರ ನೀರಿಗೇ ಇಳಿಯುತ್ತದೆ. ಎಡಗಡೆ ಆಯಿ, ನಗಬಾರದು ಅಂತ ತುಟಿ ಬಿಗಿ ಹಿಡಿದಿದ್ದಾಳೆ. ನಡುವೆ ಚಿಕ್ಕಮ್ಮ. ಬಲಗೈ ಎದೆಯವರೆಗೆ ಎತ್ತಿದ್ದಾಳೆ, ಆ ಕೈತುಂಬ ಗಾಜಿನ ಬಳೆ. ಎಡಗೈ ಬೆನ್ನ ಹಿಂದೆ. ಬಲಗಡೆ ಇನ್ನೊಬ್ಬಳು ಹುಡುಗಿ, ಮೊಳದುದ್ದ ಜಡೆ ಮುಂದೆ ಹಾಕಿಕೊಂಡವಳು.

ಈ ಮೂರನೆಯವಳು ಯಾರು? ಆಯಿಯನ್ನು ನಾನು ಕೇಳಿದ್ದೆ. ‘ಯಾರೋ ಹುಡುಗಿ’ ಅಂದಿದ್ದಳು, ಅಲ್ಲಿಗೆ ಮುಗಿಯಿತು. ಚಿಕ್ಕಮ್ಮನ ಬೆನ್ನ ಹಿಂದಿನ ಕೈ ಮಾತ್ರ ನಮ್ಮ ಮನೆಯಲ್ಲಿ ದೊಡ್ಡ ತಮಾಷೆ. ಸಿನೆಮಾದವರ ಹಾಗೆ ನಿಲ್ಲಲಿಕ್ಕೆ ಹೋಗಿದ್ದಳು ಅಂತ ಎಲ್ಲರೂ ನಗುತ್ತಿದ್ದರು. ಚಿಕ್ಕಮ್ಮನೂ ನಗುತ್ತಿದ್ದಳು.

ಆಯಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಒಂದು ರವಿವಾರ ಈ ಫೋಟೋ ಕಳಿಸಿದೆ. ಸಿರಸಿಯವರು ಯಾರೋ ಅದನ್ನು ಸಿದ್ದಾಪುರದ ಕಡೆಗೆ ದಾಟಿಸಿದರು. ಮಂಗಳವಾರ ರಾತ್ರಿ ಗುರುತಿಲ್ಲದ ಒಬ್ಬ ಹುಡುಗಿಯ ಫೋನ್ ಬಂತು. ‘ಅಂಕಲ್, ಇದೇ ಫೋಟೋ ನಮ್ಮ ಅಜ್ಜಿ ಮನೆ ಗೋಡೆ ಮೇಲೆ ಇದೆ’ ಅಂದಳು.

ಇದೇ ಫೋಟೋ! ಅದೇ ಹಂಸ, ಅದೇ ಅರಮನೆ. ಅವರ ಅಜ್ಜಿಯೇ ಆ ಜಡೆಯವಳು. ಅರವತ್ತು ವರ್ಷ ಆಕೆ ತನ್ನ ಮಕ್ಕಳು ಮೊಮ್ಮಕ್ಕಳಿಗೆ ಅದನ್ನು ತೋರಿಸುತ್ತಾ ಬಂದಿದ್ದರಂತೆ. ‘ಇದು ನಾನು, ಉಳಿದಿಬ್ಬರು ಯಾರೋ ಸಿರಸಿ ಕಡೆ ಹುಡುಗಿಯರು’ ಅಂತ. ನಮ್ಮ ಮನೆಯಲ್ಲಿ ಆಕೆ ಯಾರೋ, ಆಕೆಯ ಮನೆಯಲ್ಲಿ ನಮ್ಮ ಆಯಿ ಯಾರೋ.

ಆಮೇಲೆ ಅಜ್ಜಿಯೇ ಫೋನ್ ತಗೊಂಡರು. ‘ತಮಾ, ನಿನ್ನ ಚಿಕ್ಕಮ್ಮ ಕೈ ಅಡಗಿಸಿದ್ದು ಎಂತಕ್ಕೆ ಅಂತ ಗೊತ್ತಿದ್ದಾ?’ ಅಂದರು. ವಿಷಯ ಹೀಗೆ. ಚಿಕ್ಕಮ್ಮ ಬಳೆಪೇಟೆಯಲ್ಲಿ ಹೊಳೆಯುವ ಬಳೆ ಕಂಡು ಮನಸೋತು, ದರ ಕೇಳದೆ ಒಂದು ಕೈ ಕೊಟ್ಟಳು. ಬಳೆಗಾರ ಒಂದು ಕೈ ತುಂಬಿಸಿ ದರ ಹೇಳಿದ. ಇನ್ನೊಂದು ಕೈಗೆ ದುಡ್ಡಿಲ್ಲ. ಒಂದೇ ಕೈಗೆ ಬಳೆ ಅಂದರೆ ಮನೆಯಲ್ಲಿ ಬೈಗುಳ ಖಾತ್ರಿ. ಅದನ್ನೇ ಯೋಚಿಸುತ್ತ ಅಕ್ಕ ತಂಗಿ ಡೇರೆಯ ಮುಂದೆ ನಿಂತಿದ್ದರು. ಫೋಟೋಕ್ಕೆ ಒಂದೂವರೆ ರೂಪಾಯಿ, ಮೂರು ಪ್ರತಿ. ಆಯಿಯ ಹತ್ತಿರ ಎಂಟಾಣೆ ಇತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಈ ಹುಡುಗಿ ಒಂಟಿಯಾಗಿ ಒಳಗೆ ಹೋಗಲಿಕ್ಕೆ ಹೆದರಿಕೊಂಡಿದ್ದಳು. ಅವಳ ಹತ್ತಿರ ಒಂದು ರೂಪಾಯಿ. ಲೆಕ್ಕ ಕೂಡಿ ಬಂತು.

ಈಗ ಹೇಳಿ, ಇದನ್ನು ನಾನು ಟ್ರಂಕಿನಲ್ಲೇ ಇಟ್ಟುಕೊಂಡಿದ್ದರೆ?

ಅಪ್ಪ ತೆಗೆದ ಫೋಟೋಗಳ ವಿಷಯ ಬೇರೆ. ಅಪ್ಪನ ಹತ್ತಿರ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಇತ್ತು. ಅದಕ್ಕೆ ನೂರಿಪ್ಪತ್ತು ನಂಬರಿನ ಫಿಲ್ಮ್ ರೋಲು, ಒಂದು ರೋಲಿಗೆ 12 ಚೌಕದ ಫೋಟೋ. ಹನ್ನೆರಡೇ ಅಂದಮೇಲೆ ಯಾರು ಅಡುಗೆಮನೆಯ ಫೋಟೋ ತೆಗೆಯುತ್ತಾರೆ? ಒಲೆ, ಬಾವಿಕಟ್ಟೆ, ಕೊಟ್ಟಿಗೆ, ಅಡಿಕೆ ಸುಲಿಯುವ ಜಗಲಿ, ನಾವು ದಿನಾ ಬದುಕಿದ ಯಾವ ಜಾಗದ್ದೂ ಫೋಟೋ ಇಲ್ಲ. ಎಲ್ಲರೂ ಹೊಸ ಅಂಗಿ ಹಾಕಿ ಅಂಗಳದಲ್ಲಿ ಸಾಲಾಗಿ ನಿಂತದ್ದೇ. ಹಾಗಾಗಿ ನಾನು ಈಗೀಗ ಜನರನ್ನು ಬಿಟ್ಟು ಅವರ ಬೆನ್ನ ಹಿಂದೆ ಏನಿದೆ ಅಂತ ನೋಡುತ್ತೇನೆ.

ಇದನ್ನು ಕಲಿಸಿದ್ದು ತೋಡೂರಿನ ಒಬ್ಬರು. ನಾನು ಹತ್ತು ವರ್ಷದವನಿದ್ದಾಗ ಬಾಡಿಗೆ ಸೈಕಲ್ ಹಿಡಿದು ನಿಂತ ಫೋಟೋ ಒಂದಿದೆ. ಅರಗಾದಲ್ಲಿ ಅಪ್ಪನ ಗೆಳೆಯರ ಮನೆಗೆ ಹೋದಾಗ ತೆಗೆದದ್ದು. ಅರಗಾ ಗೊತ್ತಲ್ವಾ, ಕಾರವಾರದಿಂದ ಅಂಕೋಲಾಕ್ಕೆ ಹೋಗುವ ದಾರಿಯಲ್ಲಿ ಸಮುದ್ರದ ಮಗ್ಗುಲಿಗಿದ್ದ ಊರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ತೊಂಬತ್ತರ ದಶಕದ ಕೊನೆಗೆ ಜನ ಪಾತ್ರೆ ಪಗಡೆ ಕಟ್ಟಿಕೊಂಡು ಎದ್ದರು. ತೋಡೂರು, ಮುದಗಾ ಅಂತ ಹಂಚಿಹೋದರು. 2005ರಲ್ಲಿ ಆ ನೌಕಾನೆಲೆ ಐಎನ್‌ಎಸ್ ಕದಂಬ ಅನ್ನೋ ಹೆಸರಲ್ಲಿ ಶುರುವಾಯಿತು. ಈಗ ಆ ಕಡೆ ಹೆದ್ದಾರಿಯಲ್ಲಿ ಹೋದರೆ ಕಾಣುವುದು ಕಾಂಪೌಂಡು ಗೋಡೆ.

ಸೈಕಲ್ ಫೋಟೋ ಕಳಿಸಿದ ದಿನವೇ ಅಪ್ಪನ ಗೆಳೆಯರ ಮಗ ಫೋನ್ ಮಾಡಿದರು. ನನ್ನ ಬಗ್ಗೆ ಒಂದು ಮಾತಿಲ್ಲ, ಸೈಕಲ್ ಬಗ್ಗೆಯೂ ಇಲ್ಲ. ‘ನಿನ್ನ ಹಿಂದೆ ಕಾಣ್ತದಲ್ಲ, ಅದು ನಮ್ಮ ಮನೆ. ನಿನ್ನನ್ನು ತೆಗೆದು ಅದೊಂದನ್ನೇ ದೊಡ್ಡದು ಮಾಡಿ ಕೊಡ್ತೀಯಾ?’ ಅಂದರು. ಬಿಡುವಾಗ ಮನೆಯ ಒಂದೂ ಫೋಟೋ ಅವರ ಹತ್ತಿರ ಇರಲಿಲ್ಲ. ಇದ್ದದ್ದು ನನ್ನ ಭುಜದ ಮೇಲೆ ಕಾಣುವ ಅರ್ಧ ಹಂಚಿನ ಮಾಡು, ತುಳಸಿಕಟ್ಟೆ, ಒಂದು ಹಲಸಿನ ಮರ. ನಾನು ಅದನ್ನು ಮತ್ತೆ ಸ್ಕ್ಯಾನ್ ಮಾಡಿಸಿದೆ, ಈ ಸಲ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆ. ಅಂಗಡಿಯವ 300 ಸಾಕು ಅಂದ. ಅದೇ ಅಳತೆಯಲ್ಲಿ ಪ್ರಿಂಟ್ ಹಾಕಲಿಕ್ಕೆ 300 ಸಾಕು ನಿಜ, ಮೂಲೆಯಲ್ಲಿದ್ದ ಮನೆಯನ್ನು ಗೋಡೆಗೆ ತೂಗುವಷ್ಟು ಮಾಡಲಿಕ್ಕೆ ಸಾಲುವುದಿಲ್ಲ. ಈಗ ತೋಡೂರಿನ ಆ ಮನೆಯ ಜಗಲಿಯಲ್ಲಿ ಫೋಟೋ ಇದೆ. ಬಲಗಡೆ ಅಂಚಿಗೆ ನನ್ನ ಕಿವಿ ಸ್ವಲ್ಪ ಉಳಿದುಕೊಂಡಿದೆ.

ಕಾಳಿ ಸೇತುವೆಯದ್ದೂ ಹೀಗೇ ಆಯಿತು. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಮರುದಿನ ನೋಡಬೇಕಿತ್ತು, ಕಾರವಾರ, ಸದಾಶಿವಗಡದ ಮನೆಮನೆಯ ಆಲ್ಬಮ್ಮು ಹೊರಗೆ ಬಂತು. ಮದುವೆ ದಿಬ್ಬಣ, ಶಾಲೆಯ ಟ್ರಿಪ್, ಹೊಸ ಸ್ಕೂಟರ್. ಎಲ್ಲದರ ಹಿಂದೆಯೂ ಯಾರೂ ಗಮನಿಸದ ಸೇತುವೆ.

ಹಾಗಂತ ಎಲ್ಲವನ್ನೂ ಕಳಿಸುತ್ತೇನೆ ಅಂತಲ್ಲ. ಒಂದು ಸಲ ತಪ್ಪು ಮಾಡಿದ್ದೇನೆ.

ಅಪ್ಪನ ಸೋದರತ್ತೆ ಒಬ್ಬರಿದ್ದರು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ಗಂಡ ಇಲ್ಲ. ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು. ಮನೆಗೆ ಕ್ಯಾಮೆರಾ ಬಂತು ಅಂದರೆ ಅವರು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಒಂದು ಉಪನಯನದ ಫೋಟೋದ ಅಂಚಿನಲ್ಲಿ ಮಾತ್ರ ಸಿಕ್ಕಿದ್ದಾರೆ. ಪೂರ್ತಿ ಅಲ್ಲ, ತಿರುಗಿ ಒಳಗೆ ಹೊರಟ ಬೆನ್ನು, ಸೆರಗು ಎಳೆದುಕೊಳ್ಳುತ್ತಿರುವ ಕೈ, ಮುಖ ಅರ್ಧ. ‘ಅಪರೂಪದ ಫೋಟೋ’ ಅಂತ ಹೆಮ್ಮೆಯಿಂದ ಬರೆದು ಕಳಿಸಿದೆ. ಹೊಗಳಿದವರು ಜಾಸ್ತಿ. ಸಂಜೆ ನನ್ನ ಅಕ್ಕ ಫೋನ್ ಮಾಡಿದಳು. ‘ತಮಾ, ಜೀವಮಾನ ಇಡೀ ಅವರು ಕ್ಯಾಮೆರಾದಿಂದ ತಪ್ಪಿಸಿಕೊಂಡ್ರು. ಕೊನೆಗೂ ನೀನು ಹಿಡಿದೇಬಿಟ್ಯಲ್ಲ’ ಅಂದಳು.

ಅಳಿಸಿದೆ. ಆದರೆ ಮುಂದೆ ಹೋದದ್ದನ್ನು ವಾಪಸು ಕರೆಯಲಿಕ್ಕೆ ಆಗುತ್ತದಾ? ಅಂದಿನಿಂದ ಬದುಕಿದ್ದವರನ್ನು ಕೇಳದೆ ಕಳಿಸುವುದಿಲ್ಲ. ಇಲ್ಲದವರದ್ದಾದರೆ ಅವರು ಕ್ಯಾಮೆರಾ ನೋಡುತ್ತಿದ್ದಾರಾ ಅಂತ ಒಮ್ಮೆ ನೋಡುತ್ತೇನೆ. ಇದೇನು ಕಾಯ್ದೆ ಅಲ್ಲ, ನನ್ನದೊಂದು ಲೆಕ್ಕ. ಮಗಳ ಪ್ರೈವೆಸಿಯ ಮಾತನ್ನೂ ಈಗ ಮೊದಲಿನಷ್ಟು ಸಸಾರ ಮಾಡುವುದಿಲ್ಲ.

‘ನಮ್ಮಲ್ಲೂ ಒಂದು ಪೆಟ್ಟಿಗೆ ಇದೆ, ಏನು ಮಾಡೋದು’ ಅಂತ ಕೇಳುವವರೂ ಇದ್ದಾರೆ. ಮೊದಲು ಮಳೆಗಾಲಕ್ಕೆ ಮುಂಚೆ ತೆಗೆಯಿರಿ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೂನ್‌ನಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಫೋಟೋ ಬಿಡುತ್ತದಾ? ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆಯಬೇಡಿ, ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಫೋಟೋ ತೆಗೆಯಿರಿ. ಅದೂ ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಬೇಡ. ಎಂಬತ್ತರ ದಶಕದ ಕಲರ್ ಫೋಟೋಗಳನ್ನು ಮೊದಲು ಮಾಡಿ. ಅವುಗಳ ಬಣ್ಣ ಪೆಟ್ಟಿಗೆಯ ಕತ್ತಲಲ್ಲೇ ಇಳಿದು ಎಲ್ಲರೂ ಕೆಂಪಗಾಗುತ್ತಾರೆ. ಕಪ್ಪು ಬಿಳುಪಿನದ್ದು ಬೆಳ್ಳಿಯ ಚಿತ್ರ, ಅಜ್ಜನ ಕಾಲದ್ದೂ ಗಟ್ಟಿ ಇರುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವಾದರೆ ಅದು ಹಿಂಡಿ ಸಣ್ಣದು ಮಾಡಿಬಿಡುತ್ತದೆ. ಹಿಂದೆ ಹೆಸರು ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್ಲು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಈಚೆಗೆ ಅಜ್ಜಿಯ ಹಣೆ ಮೇಲೆ ಗೀರು ಏಳುತ್ತದೆ.

ಹಿಂಬದಿಯ ಸ್ಟುಡಿಯೋ ಮುದ್ರೆಯನ್ನೂ ಓದಿ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಜಿಲ್ಲೆಗೆ ಉತ್ತರ ಕನ್ನಡ ಅಂತ ಹೆಸರಾದದ್ದು 1977ರಲ್ಲಿ, ಅದಕ್ಕೆ ಮೊದಲು ನಾರ್ತ್ ಕೆನರಾ. ಮುದ್ರೆಯಲ್ಲಿ ಇದರಲ್ಲಿ ಯಾವುದಿದೆ ಅನ್ನೋದರ ಮೇಲೆ ಫೋಟೋದ ವಯಸ್ಸು ಸುಮಾರಾಗಿ ಸಿಗುತ್ತದೆ. ಜಾತ್ರೆ ಡೇರೆಯವರು ಮಾತ್ರ ಮುದ್ರೆ ಒತ್ತುತ್ತಿರಲಿಲ್ಲ.

ಜಾತ್ರೆ ಅಂದಾಗ ನೆನಪಾಯಿತು, ಆ ಕಥೆ ಅಲ್ಲಿಗೇ ಮುಗಿದಿಲ್ಲ. ಸಿದ್ದಾಪುರದ ಅಜ್ಜಿಗೂ ನಮ್ಮ ಚಿಕ್ಕಮ್ಮನಿಗೂ ಫೋನಿನಲ್ಲಿ ಮಾತಾಡಿಸಿದೆ. ಇಬ್ಬರಿಗೂ ಎಪ್ಪತ್ತೈದು ದಾಟಿದೆ, ಇಬ್ಬರಿಗೂ ಕಿವಿ ಮಂದ, ಹಾಗಾಗಿ ನಮ್ಮ ಕೇರಿಗೆಲ್ಲ ಕೇಳುವ ಹಾಗೆ ಮುಕ್ಕಾಲು ತಾಸು ಮಾತಾಡಿದರು. ಫೋಟೋ ಕೊಡಲಿಕ್ಕೆ ಡೇರೆಯವ ಎರಡು ದಿನ ಬಿಟ್ಟು ಬನ್ನಿ ಅಂದಿದ್ದನಂತೆ. ಚಿಕ್ಕಮ್ಮ ಕೊಡಬೇಕಾದ ಎಂಟಾಣೆಯನ್ನು ಆ ದಿನ ಅಲ್ಲೇ ಕೊಡುವ ಮಾತಾಗಿತ್ತಂತೆ. ಆದರೆ ಇವರು ಹೋದದ್ದು ಬೆಳಿಗ್ಗೆ, ಅವರು ಬಂದದ್ದು ಸಂಜೆ. ಮತ್ತೆ ಒಬ್ಬರನ್ನೊಬ್ಬರು ಕಂಡದ್ದಿಲ್ಲ.

‘ಆ ಎಂಟಾಣೆ ಬಂದಿಲ್ಲೆ ನೋಡು’ ಅಂದರು ಸಿದ್ದಾಪುರದವರು.

‘ಡೇರೆಯವನ ಕೈಲಿ ಕೊಟ್ಟಿಕ್ಕಿ ಬಂದಿದ್ದಿ’ ಅಂದಳು ಚಿಕ್ಕಮ್ಮ.

ಫೋನ್ ಇಟ್ಟಮೇಲೆ ನಾನು ಕೇಳಿದೆ, ‘ಖರೇ ಹೇಳು, ಕೊಟ್ಟಿದ್ಯಾ?’ ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡಳು. ‘ಇನ್ನೊಂದು ಕೈಗೆ ಬಳೆ ಬೇಕಾಗಿತ್ತಲಾ’ ಅಂದಳು.