ತೊಳೆದದ್ದು ತಪ್ಪಾ ಟೀಚರ್?

ಈ ವಾರ ನಮ್ಮ ಶಾಲೆಯಲ್ಲಿ ಯಾರು ಏನು ತಪ್ಪಿದರೂ ಒಂದೇ ಮಾತು. "ಊಪ್ಸ್, ನಾಟ್ ಕ್ವೈಟ್!" ಅಂದರೆ, ಅಯ್ಯೋ, ಪೂರ್ತಿ ಸರಿಯಾಗಲಿಲ್ಲ. ಸಾಂಬಾರು ಚೆಲ್ಲಿದವನಿಗೂ ಅದೇ, ತಡವಾಗಿ ಬಂದ ಬದಿಯಡ್ಕದ ಬಸ್ಸಿಗೂ ಅದೇ. ಸ್ಟಾಫ್ ರೂಮಿನಲ್ಲಿ ಮಲಯಾಳಂ ಮಾಷ್ಟ್ರೂ ಶುರು ಮಾಡಿದ್ದಾರೆ.

ಕಲಿಸಿದ್ದು ವಿಆರ್ ಹೆಡ್‌ಸೆಟ್, ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರಿನ ಲೋಕದೊಳಗೇ ನಿಂತಂತೆ ಕಾಣಿಸುವ ಯಂತ್ರ. ಒಂದು ಕಂಪನಿಯವರು ಡೆಮೊಗೆ ಅಂತ ತಂದಿದ್ದರು. ಪ್ಲಸ್ ವನ್ (ಕೇರಳದ ಹನ್ನೊಂದನೇ ಕ್ಲಾಸು) ಮಕ್ಕಳಿಗೆ ಅದರೊಳಗೆ ಒಂದು ಕೆಮಿಸ್ಟ್ರಿ ಲ್ಯಾಬ್. ಮಾಮೂಲಿ ಟೈಟ್ರೇಶನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು ಅದರಲ್ಲಿ ಆಸಿಡ್ ಎಷ್ಟಿದೆ ಅಂತ ಅಳೆಯುವುದು. ಫ್ಲಾಸ್ಕ್‌ನಲ್ಲಿ ಆಕ್ಸಾಲಿಕ್ ಆಸಿಡ್, ಬ್ಯುರೆಟ್ ಅನ್ನುವ ಅಳತೆ ಗೆರೆಯ ಗಾಜಿನ ನಳಿಗೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಬಣ್ಣ ತೋರಿಸಲು ಎರಡು ಹನಿ ಫಿನಾಲ್ಫ್ತಲಿನ್. ತಿಳಿ ಗುಲಾಬಿ ಬಣ್ಣ ಬಂದು ನಿಂತಿತೋ, ಮುಗಿಯಿತು. ಸರಿ ಮಾಡಿದರೆ ಹಸಿರು ಟಿಕ್ ಬರುತ್ತದೆ, ಕೈಯಲ್ಲಿರುವ ಕಂಟ್ರೋಲರ್ ಮೆಲ್ಲಗೆ ನಡುಗುತ್ತದೆ. ತಪ್ಪಿದರೆ ಕೆಂಪು ಕ್ರಾಸ್, ಜತೆಗೆ 'ಊಪ್ಸ್, ನಾಟ್ ಕ್ವೈಟ್' ಅನ್ನುವ ಒಬ್ಬ ಹೆಂಗಸಿನ ಅಮೆರಿಕನ್ ಸ್ವರ. ಕೊನೆಗೆ ಹತ್ತರಲ್ಲಿ ಇಷ್ಟು ಅಂತ ಮಾರ್ಕು.

ಪ್ರಿನ್ಸಿಪಾಲರು ಫೋಟೋ ತೆಗೆಯುವುದರಲ್ಲೇ ಇದ್ದರು. ಅವರಿಗೆ ಶಾಲೆಗೆ ಯಾವ ಮೆಷಿನ್ ಬಂದರೂ ಖುಷಿ. ಡೆಮೊ ಮಾಡಿದ ಹುಡುಗ ಕಾಞಂಗಾಡ್ ಕಡೆಯವನು. ಮಲಯಾಳಂ ಮಾತಾಡಿದ, ಮಕ್ಕಳಿಗೆ ಅರ್ಥವಾಗದಿದ್ದರೆ ಹರಕು ತುಳುವಿಗೆ ಬಂದ. ಒಳ್ಳೆ ಹುಡುಗ. ತಲೆ ಸುತ್ತಿ ಕುಳಿತವಳಿಗೆ ತನ್ನದೇ ನೀರಿನ ಬಾಟಲಿ ಕೊಟ್ಟ. ಕಣ್ಣು 'ನಡೀತಿದ್ದೇನೆ' ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ 'ಇಲ್ಲ, ನಿಂತಿದ್ದೇನೆ' ಅನ್ನುತ್ತದೆ, ಆ ಜಗಳಕ್ಕೇ ತಲೆ ಸುತ್ತುವುದು ಅಂತ ಚೆನ್ನಾಗಿ ಬಿಡಿಸಿ ಹೇಳಿದ.

ಮಕ್ಕಳಿಗೆ ಕಾಣುತ್ತಿದ್ದದ್ದನ್ನು ಟಿವಿಗೂ ಹಾಕಿದ್ದ, ಒಂದೆರಡು ಸೆಕೆಂಡು ತಡವಾಗಿ ಬರುತ್ತಿತ್ತು. ನಮ್ಮ ಒಬ್ಬ ಹುಡುಗಿಯ ಸರದಿ. ಹತ್ತನೇ ವರೆಗೆ ಕನ್ನಡ ಮಾಧ್ಯಮ, ಈಗ ಎಲ್ಲ ಇಂಗ್ಲಿಷ್. ಕ್ಲಾಸಿನಲ್ಲಿ ಬಾಯಿ ಬಿಡುವುದು ಕಡಿಮೆ, ಲ್ಯಾಬಿನಲ್ಲಿ ಕೈ ಮಾತ್ರ ಭಾರೀ ಚುರುಕು. ಹನಿ ಹನಿಯಾಗಿ ಬಿಡುತ್ತಾ ಬಂದಳು. ಬಣ್ಣ ಬರಲು ಇನ್ನೇನು ಸ್ವಲ್ಪ ಇದೆ ಅನ್ನುವಾಗ ವಾಶ್ ಬಾಟಲಿ ಎತ್ತಿಕೊಂಡು ಫ್ಲಾಸ್ಕ್‌ನ ಒಳಗೋಡೆಗೆ ನೀರು ಬಿಟ್ಟಳು. ಟಪ್ ಅಂತ ಕೆಂಪು ಕ್ರಾಸ್. ಊಪ್ಸ್.

ಹೆಡ್‌ಸೆಟ್ ತೆಗೆದು ನನ್ನನ್ನೇ ಹುಡುಕಿದಳು. "ತೊಳೆದದ್ದು ತಪ್ಪಾ ಟೀಚರ್?"

ತಪ್ಪಲ್ಲ. ಲ್ಯಾಬಿನಲ್ಲಿ ಹಾಗೇ ಮಾಡಬೇಕು. ಬ್ಯುರೆಟ್‌ನಿಂದ ಬಿದ್ದ ಹನಿ ಗೋಡೆಗೆ ಅಂಟಿ ಕುಳಿತರೆ ಲೆಕ್ಕಕ್ಕೆ ಬಂದಿರುತ್ತದೆ, ಆಸಿಡ್‌ಗೆ ಸೇರಿರುವುದಿಲ್ಲ. ಡಿಸ್ಟಿಲ್ಡ್ ವಾಟರ್ ಬಿಟ್ಟು ಅದನ್ನು ಕೆಳಗಿಳಿಸುತ್ತೇವೆ. ನೀರು ಸೇರಿದರೆ ದ್ರಾವಣ ತೆಳ್ಳಗಾಗುತ್ತದೆ ಅಷ್ಟೇ, ಒಳಗಿರುವ ಆಸಿಡ್ ಇದ್ದಷ್ಟೇ ಇರುತ್ತದೆ. ಹೆಡ್‌ಸೆಟ್ಟಿನ ಫ್ಲಾಸ್ಕ್‌ಗೆ ಹನಿ ಅಂಟುವುದಿಲ್ಲ ಅನ್ನುವುದು ಬೇರೆ ಮಾತು. ಹುಡುಗಿ ಮಾಡಿದ್ದು ಕೈಗೆ ಹತ್ತಿದ ಒಳ್ಳೆ ಅಭ್ಯಾಸ.

ಡೆಮೊ ಹುಡುಗ ತನ್ನ ಟ್ಯಾಬ್ ನೋಡಿ ಹೇಳಿದ, "ವಾಶ್ ಬಾಟಲ್ ಮೂರನೇ ಸ್ಟೆಪ್ ವರೆಗೆ ಮಾತ್ರ ಟೀಚರ್. ಇವಳು ಆರರಲ್ಲಿ ತೆಗೆದಳು."

ಅವನದ್ದೂ ತಪ್ಪಲ್ಲ. ಅವನಿಗೆ ಕೊಟ್ಟದ್ದು ಅಷ್ಟೇ.

ನನ್ನ ತಲೆಯಲ್ಲಿ ತಿರುಗುತ್ತಾ ಇರುವುದು ಆಮೇಲೆ ಆದದ್ದು. ಅವಳು ಇನ್ನೊಮ್ಮೆ ಸಾಲಿನಲ್ಲಿ ನಿಂತಳು. ಅದೇ ಜಾಗಕ್ಕೆ ಬಂದಳು. ಟಿವಿಯಲ್ಲಿ ಆ ಕೈ ಬಾಟಲಿಯ ಹತ್ತಿರ ಹೋಯಿತು, ನಿಂತಿತು, ಹಿಂದೆ ಬಂತು. ಹತ್ತಕ್ಕೆ ಹತ್ತು! ಎಲ್ಲರೂ ಚಪ್ಪಾಳೆ. ಪ್ರಿನ್ಸಿಪಾಲರ ಫೋಟೋ. "ಈ ಸಲ ತೊಳೆಯಲಿಲ್ಲ ಟೀಚರ್" ಅಂತ ನಗುತ್ತಾ ಹೇಳಿದಳು. ತಪ್ಪಲ್ಲ ಅಂತ ನಾನು ಹೇಳಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ನನ್ನ ಮಾತಿಗೆ ಮಾರ್ಕು ಇರಲಿಲ್ಲ, ಅಲ್ವಾ?

ಫೀಡ್‌ಬ್ಯಾಕ್ ಕೊಟ್ಟರೆ ಕಲಿಕೆ ಏರಿಯೇ ಏರುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಕ್ಲೂಗರ್ ಮತ್ತು ಡೆನಿಸಿ ಎಂಬಿಬ್ಬರು ಸಂಶೋಧಕರು 1996ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಮೂರನೇ ಒಂದಕ್ಕಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್‌ನಿಂದ ಕೆಲಸ ಕೆಟ್ಟಿತ್ತು. 1988ರಲ್ಲಿ ಸಂಶೋಧಕಿ ರೂತ್ ಬಟ್ಲರ್ ಇಸ್ರೇಲಿನ ಮಕ್ಕಳ ಮೇಲೆ ನೋಡಿದ್ದು ಇನ್ನೂ ಚುಚ್ಚುವಂಥದ್ದು. ಮಾರ್ಕಿಲ್ಲದೆ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಹೋದರು. ಟಿಪ್ಪಣಿಯ ಜತೆ ಮಾರ್ಕೂ ಕೊಟ್ಟರೆ ಆ ಲಾಭ ಹೋಯಿತು. ನಮ್ಮಲ್ಲೂ ಹಾಗೇ ಆಯಿತು. ಮಾರ್ಕಿನ ಕೆಳಗೆ ಎರಡು ಸಾಲು ಸಲಹೆ ಬರುತ್ತಿತ್ತು, ಒಂದು ಮಗುವೂ ಓದಲಿಲ್ಲ. "ನಿಂಗೆಷ್ಟು?" ಅಂತ ಪಕ್ಕದವರನ್ನು ಕೇಳುವುದಕ್ಕೇ ಅವಸರ.

ಹಾಗಂತ ಹೆಡ್‌ಸೆಟ್ ಬೇಡ ಅನ್ನುವ ಗುಂಪಿಗೆ ನಾನು ಸೇರುವುದಿಲ್ಲ. ಆ ಗುಂಪಿನ ಒಬ್ಬರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ, ಅವರಿಗೆ ಪ್ರೊಜೆಕ್ಟರೂ ಬೇಡ. ಅವತ್ತು ನಮ್ಮ ಒಬ್ಬ ಹುಡುಗ ಹನಿ ಜಾಸ್ತಿ ಬಿಟ್ಟು ಬಿಟ್ಟು ಫ್ಲಾಸ್ಕ್ ಕಡು ಗುಲಾಬಿ ಮಾಡಿದ. ಬ್ಯುರೆಟ್ಟನ್ನೇ ಕೆಳಗೆ ಬೀಳಿಸಿದ. ಗಾಜು ಚೂರಾಯಿತು, ಒಂದು ಬಟನ್ ಒತ್ತಿದ, ಮತ್ತೆ ಇಡಿಯಾಯಿತು. ನಿಜವಾದ ಲ್ಯಾಬಿನಲ್ಲಿ ಇವನು ಬ್ಯುರೆಟ್‌ನ ಹತ್ತಿರವೂ ಹೋಗುವುದಿಲ್ಲ. ಒಡೆದರೆ ದುಡ್ಡು ಕೊಡಬೇಕು ಅಂತ ಲ್ಯಾಬ್ ಅಸಿಸ್ಟೆಂಟ್ ಮೊದಲ ದಿನವೇ ಹೆದರಿಸಿಟ್ಟಿದ್ದಾರೆ. ಸಾಕೆನಿಸುವಷ್ಟು ಸಲ ತಪ್ಪು ಮಾಡಲು ಒಂದು ಜಾಗ ಸಿಕ್ಕಿತು ಅವನಿಗೆ. ಯಾರೂ ಬೈಯಲಿಲ್ಲ. ಸರಿ ಬಂದಾಗ ಒಬ್ಬನೇ ಹಲ್ಲು ಕಿರಿದ. ಅಷ್ಟು ತಾಳ್ಮೆ ನನಗಿಲ್ಲ, ಸಂಜೆ ನಾಲ್ಕರ ಮೇಲೆ ಅಂತೂ ಇಲ್ಲವೇ ಇಲ್ಲ.

ಕಂಪನಿಯ ಬ್ರೋಷರ್‌ನಲ್ಲಿ ಸರ್ಜನ್‌ಗಳ ಸುದ್ದಿ ಇತ್ತು. ಅದು ನಿಜವೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಆರ್ ತರಬೇತಿ ಪಡೆದ ಕಿರಿಯ ವೈದ್ಯರು ಪಿತ್ತಕೋಶ ಬಿಡಿಸುವ ಕೆಲಸವನ್ನು 29 ಶೇಕಡಾ ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆ. ವರದಿ 2002ರದ್ದು. ಆದರೆ ಅಲ್ಲಿ 'ಇಷ್ಟು ಬಂದರೆ ಸಾಕು' ಅನ್ನುವ ಗೆರೆ ಎಳೆದವರು ಪಳಗಿದ ಸರ್ಜನ್‌ಗಳು. ನಮ್ಮ ಟೈಟ್ರೇಶನ್‌ಗೆ ಗೆರೆ ಎಳೆದವರು ಯಾರೋ. ಬ್ಯುರೆಟ್ ಹಿಡಿದು ನೋಡಿದವರಂತೂ ಇರಲಾರರು.

ಇದಕ್ಕಿಂತ ಹಳೆಯದು ಎಡ್ವಿನ್ ಲಿಂಕ್ 1929ರಲ್ಲಿ ಮಾಡಿದ ವಿಮಾನ ತರಬೇತಿ ಯಂತ್ರ. ಅದರ ಮುಂದಿನ ಮಾದರಿಗಳಲ್ಲಿ ಕಲಿಯುವವನನ್ನು ಮುಚ್ಚಿದ ಡಬ್ಬಿಯೊಳಗೆ ಕೂರಿಸುತ್ತಿದ್ದರು, ಹೊರಗಿನದ್ದು ಅವನಿಗೆ ಕಾಣುತ್ತಿರಲಿಲ್ಲ. ಹೊರಗೆ ಮೇಜಿನಲ್ಲಿ ಕುಳಿತ ಶಿಕ್ಷಕನ ಎದುರು ಒಂದು ಪೆನ್ನು ನಕಾಶೆಯ ಮೇಲೆ ಅವನು ಹೋದ ದಾರಿಯನ್ನು ಗೀಚುತ್ತಿತ್ತು. ಶಿಕ್ಷಕ ಅದನ್ನು ನೋಡುತ್ತಾ ಹೆಡ್‌ಫೋನಿನಲ್ಲಿ ಮಾತಾಡುತ್ತಿದ್ದ. ಇವತ್ತಿನ ಹೆಡ್‌ಸೆಟ್‌ಗೆ ತಲೆ ಎತ್ತ ತಿರುಗಿತು, ಕೈ ಎಲ್ಲಿ ನಿಂತಿತು ಎಲ್ಲ ಗೊತ್ತು. ಆ ಹುಡುಗಿಯ ಕೈ ಹಿಂದೆ ಬಂದದ್ದೂ ಗೊತ್ತು. ನನಗೆ ಕೊಟ್ಟದ್ದು ಮಾತ್ರ ಹತ್ತಕ್ಕೆ ಹತ್ತು ಎಂಬ ಒಂದು ನಂಬರ್. ಮುಖ ನೋಡಿ ತಿಳಿದುಕೊಳ್ಳೋಣ ಅಂದರೆ ಮುಖದ ಮೇಲೇ ಹೆಡ್‌ಸೆಟ್.

ಹೋಗುವಾಗ ಒಂದು ಫಾರಂ ಕೊಟ್ಟರು. ಮಕ್ಕಳಿಗೆ ಎಷ್ಟು ಖುಷಿಯಾಯಿತು, ಒಂದರಿಂದ ಐದು. ಪ್ರಿನ್ಸಿಪಾಲರು ಕೇಳದೇ ಎಲ್ಲಕ್ಕೂ ಐದು ಹಾಕಿದರು. ಕೆಳಗೆ ಸಲಹೆಗೆ ಅಂತ ಬೆರಳಗಲ ಜಾಗ. ನಾನು ವಾಶ್ ಬಾಟಲಿಯ ಕಥೆ ಬರೆದು ಹಾಳೆಯ ಹಿಂದೆಯೂ ಮುಂದುವರಿಸಿದೆ. ಯಾರು ಓದುತ್ತಾರೆ ಅಂತ ಸುಮ್ನೆ ಬರೆದದ್ದು.

ನಿನ್ನೆ ರಾತ್ರಿ ಆ ಡೆಮೊ ಹುಡುಗ ಫೋನ್ ಮಾಡಿದ. "ನೀರು ಎಷ್ಟು ಎಂಎಲ್ ವರೆಗೆ ಬಿಡಬಹುದು ಟೀಚರ್?" ಅಂತ ಕೇಳಿದ. ಗೋಡೆ ತೊಳೆಯುವಷ್ಟು, ಫ್ಲಾಸ್ಕ್ ತುಂಬಿಸುವಷ್ಟು ಅಲ್ಲ ಅಂದೆ. ಅವನಿಗೆ ನಂಬರ್ ಬೇಕಿತ್ತು. "ತೊಳೆಯುತ್ತಿದ್ದಾಳಾ, ಆಟ ಆಡ್ತಿದ್ದಾಳಾ ಅಂತ ಮೆಷಿನ್‌ಗೆ ಗೊತ್ತಾಗುವುದು ಹೇಗೆ?"

"ನಿಮಗೆ ಹೇಗೆ ಗೊತ್ತಾಗ್ತದೆ? ಕೇಳಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಕ್ರಾಸ್ ಹಾಕುವ ಮೊದಲು 'ಯಾಕೆ ಹೀಗೆ ಮಾಡಿದೆ' ಅಂತ ಕೇಳಿಸಬಹುದು, ಮಕ್ಕಳು ತಮ್ಮ ಭಾಷೆಯಲ್ಲೇ ಹೇಳಲಿ, ರೆಕಾರ್ಡ್ ಮಾಡಿಡಬಹುದು ಅಂದ. ಅವನಿಗೇ ಖುಷಿಯಾದ ಹಾಗೆ ಕಂಡಿತು. "ಆದರೆ ಅದನ್ನೆಲ್ಲ ಕೇಳಿಸಿಕೊಳ್ಳುವುದು ಯಾರು ಟೀಚರ್? ತುಳು, ಕನ್ನಡ, ಮಲಯಾಳಂ, ಬ್ಯಾರಿ, ಎಲ್ಲ ಬರ್ತದೆ."

ನನಗೆ ಕಳಿಸಿ ಅಂದೆ. ಇಡೀ ಕ್ಲಾಸಿನ ರೆಕಾರ್ಡ್ ಬುಕ್ಕು ಮೇಜಿನ ಮೇಲೆ ರಾಶಿ ಬಿದ್ದಿತ್ತು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ನಮ್ಮ ಮನೆಯವರು, "ಸಂಬಳ ಎಷ್ಟು ಅಂತ ಕೇಳು" ಅಂದರು.